ಮಾವ ಎರಡು ಸಲ ಊದಿದ್ದು

ಮಾರ್ಚ್ ೧೧, ಮಂಗಳವಾರ

ಇವತ್ತು ಶಾಲಾ ಬಸ್ ಚಾಲಕರ ಮದ್ಯ ಪರೀಕ್ಷೆಯಿತ್ತು. ಉಸಿರಿನ ಯಂತ್ರ ಹಿಡಿದು ಶೆಡ್ಡಿಗೆ ಹೋದರೆ ಸಾಲಿನ ಮೊದಲಿಗೇ ಸೋದರಮಾವ. ಬೇರೆಯವರನ್ನು ಕಳಿಸಿ ಎನ್ನೋಣವೆಂದರೆ ಊರಿಗೆಲ್ಲ ಈ ಕೆಲಸಕ್ಕೆ ನಾನೊಬ್ಬನೇ.

"ಏನೋ ಅಳಿಯ, ನನ್ನ ಉಸಿರಿಗೂ ಲೆಕ್ಕ ಇಡ್ತೀಯಾ?" ಎಂದ. ಎಲ್ಲರೂ ನಕ್ಕರು. ಊದಿದ. ಕೆಂಪು ದೀಪ ಹತ್ತಿತು.

ಅಂಥವರನ್ನು ಕಾಲು ಗಂಟೆ ಕೂರಿಸಿ ಮತ್ತೆ ಊದಿಸುವುದು ನಿಯಮ. ಮದ್ಯ ಬಾಯಲ್ಲಷ್ಟೇ ಇದ್ದರೆ ಅಷ್ಟರಲ್ಲಿ ಅಂಕಿ ಇಳಿಯುತ್ತದೆ. ಹಳೆಯ ಟೈರುಗಳ ಮೇಲೆ ಕೂತೆವು. ಮಾವ ಕಥೆ ತೆಗೆದ. ಚಿಕ್ಕಂದಿನಲ್ಲಿ ನನ್ನನ್ನು ಮಲಗಿಸಲು ಹೇಳುತ್ತಿದ್ದದ್ದೇ: ಬಾವಿಗೆ ಬಿದ್ದ ನರಿ ಚಂದ್ರನ ಹತ್ತಿರ ಹಗ್ಗ ಕೇಳುವ ಕಥೆ. ಚಂದ್ರ ಬಾವಿಯೊಳಗೆ ಇಣುಕುವಷ್ಟರಲ್ಲಿ ಹೊತ್ತು ಮುಗಿಯಿತು.

ಎರಡನೇ ಸಲ ಅಂಕಿ ಇನ್ನೂ ಏರಿತ್ತು.

"ಇವತ್ತು ನೀನೇ ಬರ್ತೀಯ ಅಂತ ಅಕ್ಕ ಹೇಳಿದ್ಲು ಕಣೋ," ಎಂದ ಮೆಲ್ಲಗೆ. "ನಮ್ಮ ಹುಡುಗನೇ ಅಲ್ವಾ ಅಂತ ಧೈರ್ಯವಾಗಿ ಹಾಕ್ಕೊಂಡು ಬಂದೆ."

ಅವನ ಬಸ್ಸು ಹತ್ತುವ ಮಕ್ಕಳು ಕಣ್ಣ ಮುಂದೆ ಬಂದರು. ಇದ್ದದ್ದನ್ನೇ ಬರೆದುಕೊಟ್ಟೆ. ಕೆಲಸ ಹೋಯಿತು. ಮಾವ ಕೀಲಿ ಮೇಜಿನ ಮೇಲಿಟ್ಟು ನಡೆದೇ ಮನೆಗೆ ಹೋದ.

"ಯಾಕೋ ಮುಖ ಸಪ್ಪಗಿದೆ?" ಎಂದಳು ಅಮ್ಮ ಊಟಕ್ಕೆ ಬಡಿಸುತ್ತ. "ಹುಷಾರಾಗಿರು ಅಂತ ನಿಮ್ಮ ಮಾವಂಗೆ ಹೇಳಿದ್ದೆ. ಪಾಸಾದ್ನಾ?" ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡೆ.

ಆ ನರಿ ಕೊನೆಗೆ ಮೇಲೆ ಬಂತೋ ಇಲ್ಲವೋ, ನನಗೆ ಗೊತ್ತೇ ಇಲ್ಲ. ಆಗೆಲ್ಲ ಅಲ್ಲಿಗೆ ಬರುವಷ್ಟರಲ್ಲಿ ನಿದ್ದೆ ಹೋಗಿಬಿಡುತ್ತಿದ್ದೆ. ಇನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ? ಇವತ್ತು ನಿದ್ದೆಯೂ ಬರುತ್ತಿಲ್ಲ.