ಬ್ಲೇಜರಿನ ಒಳಜೇಬು

12 ಮಾರ್ಚ್ 2007, ಸೋಮವಾರ
ಕಾರ್ಡ್ ರೋಡ್ ಇವತ್ತೂ ಜಾಮ್. ಬಸವೇಶ್ವರನಗರದಿಂದ ಆಫೀಸಿಗೆ ಮುಕ್ಕಾಲು ಗಂಟೆ!

ಸ್ಪೇನ್‌ನಿಂದ ಹೊಸ ರೆಡ್ ವೈನ್ ಬಂದಿದೆ. ಎಪ್ಪತ್ತು ವರ್ಷದ ಬಳ್ಳಿಗಳ ದ್ರಾಕ್ಷಿಯಂತೆ. ಗ್ಲಾಸಲ್ಲಿ ಕಪ್ಪಗೆ, ಶಾಯಿ ಥರ. ಮೂಸಿ ಹೇಳಿದೆ — ನೇರಳೆ, ಒಣದ್ರಾಕ್ಷಿ, ಲವಂಗ, ಸುಟ್ಟ ತೆಂಗಿನ ಚಿಪ್ಪು. ಬಾಸ್ ವತ್ಸಲಾ ಮೇಡಂ ಖುಷ್. "ಏನ್ ಮೂಗೋ ಕೊಟ್ರೇಶ್ ನಿಂದು!" ಅಪ್ಪನ ಒಣದ್ರಾಕ್ಷಿ ಅಂಗಡೀಲಿ ಬೆಳೆದ ಮೂಗು.

ವೈನ್ ರುಚಿ ನೋಡೋ ಈ ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು, ಒಂದು ಹನಿ ಕುಡಿದಿಲ್ಲ. ಕೊರಳಲ್ಲಿ ಲಿಂಗ ಇದೆ. ತುಟಿವರೆಗೆ ತರೋದು, ಸಿಂಕಿಗೆ ಸುರಿಯೋದು. ಇಲ್ಲಿ ಯಾರಿಗೂ ಗೊತ್ತಿಲ್ಲ. ಕಂಪನಿ ಆಲಿವ್ ಎಣ್ಣೆ ತರಿಸತ್ತೆ ಅಂತ ಅಪ್ಪ ಅಂದ್ಕೊಂಡಿದಾರೆ...

15, ಗುರುವಾರ
ನಾಳೆ ಆ ವೈನ್ ಮಾಡೋ ಸ್ಪೇನಿನವನ ಜೊತೆ ಲಂಚ್. ಎದುರಿಗೇ ಕುಡಿದು ರುಚಿ ಹೇಳಬೇಕು. ಸುರಿಯೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಅವನು ಒಪ್ಪಿದ್ರೆ ಇಡೀ ಕರ್ನಾಟಕಕ್ಕೆ ಬ್ರ್ಯಾಂಡ್ ಇನ್‌ಚಾರ್ಜ್ ನಾನೇ. ಥೂ, ಕೂತ್ರೂ ಸಮಾಧಾನ ಇಲ್ಲ, ನಿಂತ್ರೂ ಇಲ್ಲ.

ಸೇಲ್ಸ್‌ನ ಸೇತುರಾಮ ತನ್ನ ಬ್ಲೇಜರ್ ಕೊಡ್ತೀನಿ ಅಂದ. "ಟೆನ್ಷನ್ ಬಿಡು ಗುರು, ಬರೀ ದ್ರಾಕ್ಷಿ ರಸ." ಅವನಿಗೇನು ಗೊತ್ತು!

16, ಶುಕ್ರವಾರ, ಸಂಜೆ 6
ಕುಡಿದೆ.

ಮೊದಲು ಬಾತ್‌ರೂಮಿಗೆ ಹೋಗಿ ಲಿಂಗ ತೆಗೆದೆ. ಬ್ಲೇಜರ್ ಒಳಜೇಬಿಗೆ ಹಾಕ್ದೆ. ಜೇಬೂ ಮೈಮೇಲೇ ತಾನೇ? ಅದಕ್ಕೇ ಬ್ಲೇಜರನ್ನೇ ಬಿಚ್ಚಿ ಕುರ್ಚಿಗೆ ನೇತು ಹಾಕ್ದೆ. ಎಂಥಾ ಬುದ್ಧಿವಂತ ನಾನು!

ದಪ್ಪ. ಮೆತ್ತಗೆ, ಬೆಲ್ಲದ ಪಾಕದ ಥರ. ಕೊನೇಲಿ ಒಗರು. ಮೂಗಿಗೆ ಅರ್ಧ ಕೂಡ ಗೊತ್ತಾಗಿರಲಿಲ್ಲ. ಸ್ಪೇನಿನವನು ಎದ್ದು ಕೈ ಕುಲುಕಿದ. ಕೆಲಸ ನಂದೇ.

ಬಸ್ಸಲ್ಲಿ ಕೊರಳು ಮುಟ್ಕೊಂಡೆ — ಖಾಲಿ. ಆಫೀಸಲ್ಲಿ ಬ್ಲೇಜರ್ ಹಾಗೇ ವಾಪಸ್ ಕೊಟ್ಟುಬಿಟ್ಟಿದ್ದೆ. ಓಡಿ ಅಲ್ಲಿಗೆ ಹೋದೆ. ಬ್ಲೇಜರ್ ಹಾಕ್ಕೊಂಡು ಸೇತುರಾಮ ಚೆನ್ನೈಗೆ ಹೊರಟಾಗಿತ್ತು. ಫೋನ್ ಸ್ವಿಚ್ ಆಫ್.

17, ಶನಿವಾರ, ಬೆಳಗ್ಗೆ 7
ರಾತ್ರಿ ಹೊಟ್ಟೆನೋವು ಅಂತ ಉಣ್ಣಲಿಲ್ಲ. ಲಿಂಗ ಇಲ್ಲದೆ ನೀರೂ ಕುಡಿಯಂಗಿಲ್ಲ ನಮ್ಮಲ್ಲಿ. ಈಗ ಸೇತುರಾಮ ಫೋನ್ ಎತ್ತಿದ. "ಸಿಕ್ತು ಮಗಾ, ಬೆಳ್ಳಿ ಡಬ್ಬಿ ತಾನೇ? ಸೋಮವಾರ ತರ್ತೀನಿ."

ಸೋಮವಾರ!

ದಿನಾ ಬೆಳಗ್ಗೆ ಅಪ್ಪ, ನಾನು ಅಕ್ಕಪಕ್ಕ ಕೂತು ಅಂಗೈಲಿ ಲಿಂಗ ಇಟ್ಕೊಂಡು ಪೂಜೆ ಮಾಡೋದು. ಆಗ್ಲೇ ಎರಡು ಸಲ ಕರೆದ್ರು. ಕಳೆದು ಹೋಯ್ತು ಅಂತ ಹೇಳಬಹುದು. ಇಲ್ಲ, ಸುಳ್ಳು ಸಾಕು. ನಾನೇ ತೆಗೆದೆ, ಕುಡಿದೆ ಅಂತ ಹೇಳ್ಬಿಡ್ತೀನಿ. ಬೈಲಿ, ಹೊಡೀಲಿ. ಆದ್ರೆ ಅದು ಇಷ್ಟ ಆಯ್ತು ಅಂತ ಹೇಗೆ ಹೇಳ್ಲಿ? ಸೋಮವಾರ ಲಿಂಗ ಬಂದ್ರೂ ಮಂಗಳವಾರ ಮತ್ತೆ ಕುಡೀತೀನಿ ಅಂತ?

ಅಪ್ಪ ಬಾಗಿಲಿಗೇ ಬಂದ್ರು. ವಿಭೂತಿ ಹಚ್ಕೊಂಡು ಬಂದಿದಾರೆ. ಕೊರಳನ್ನೇ ನೋಡ್ತಿದಾರೆ.

"ಲಿಂಗ ಎಲ್ಲಪ್ಪಾ?" ಅಂದ್ರು.

ನಾನು ಈ ಪುಟ ತೆರೆದೇ ಅವರ ಕೈಗೆ ಕೊಡ್ತಿದೀನಿ.