ಕಡಲು ಯಾವ ಕಡೆಗೆ

ಅಡುಗೆಮನೆಯ ಮೇಜಿನಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅತ್ತೆಗೆ,

ಮೊಣಕಾಲು ಹೇಗಿದೆ? ನೀವು ಈಗ ಕಂಬಿ ಹಿಡಿಯದೆ ಮಹಡಿ ಮೆಟ್ಟಿಲು ಹತ್ತುತ್ತೀರಿ ಎಂದು ನಾದಿನಿ ಮೊನ್ನೆ ಹೇಳಿದಳು. ಅವಳ ಮಾತಿನಲ್ಲಿ ಅರ್ಧ ಕಳೆದರೂ ಉಳಿದದ್ದು ಸಂತೋಷದ ಸುದ್ದಿಯೇ. ಮುಲಾಮು ಮುಗಿಯುತ್ತ ಬಂದಿದ್ದರೆ ತಿಳಿಸಿ, ಬರುವಾಗ ತರುತ್ತೇವೆ. ಹೌದು, ಬರುತ್ತಿದ್ದೇವೆ, ಅದನ್ನು ಹೇಳಲೆಂದೇ ಕುಳಿತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀವು ಸ್ಪೀಕರ್ ಹಾಕದೆ ಮಾತಾಡುವುದಿಲ್ಲ, ಮತ್ತು ನಾನು ಫೋನು ಹಿಡಿದ ಕೂಡಲೇ ನಿಮ್ಮ ಮಗ ಕನ್ನಡಕ ಹುಡುಕುವ ನೆಪದಲ್ಲಿ ಸುತ್ತಮುತ್ತ ಸುಳಿಯುತ್ತಾರೆ. ಕನ್ನಡಕ ಮೂಗಿನ ಮೇಲೆಯೇ ಇರುತ್ತದೆ.

ಮೊದಲು ಎಲ್ಲಕ್ಕಿಂತ ದೊಡ್ಡ ಸಮಾಧಾನ. ಬ್ರೆಡ್ಡಿನವನು ಮತ್ತೆ ಸೈಕಲ್ ಹತ್ತಿದ್ದಾನೆ. ಹೋದ ವಾರ ಬೆಳಿಗ್ಗೆ ಗೇಟಿನ ಹತ್ತಿರ ಅವನ ಬೆಲ್ಲು ಕೇಳಿದಾಗ ನನಗೆ ಒಲೆಯ ಮೇಲಿನ ಹಾಲು ಮರೆತೇಹೋಯಿತು. ಇವರು ಚಪ್ಪಲಿಯೂ ಇಲ್ಲದೆ ಓಡಿದರು. ಅವನು ಸೈಕಲ್ಲಿನಿಂದ ಇಳಿಯಲಿಲ್ಲ, ಇಳಿಯದಿರುವುದನ್ನು ತೋರಿಸಲೆಂದೇ ಬಂದವನಂತೆ ಒಂದು ಕಾಲನ್ನು ಕಟ್ಟೆಗೆ ಊರಿ ನಿಂತ. "ಮೇಷ್ಟ್ರೇ, ನಾನಂತೂ ಹತ್ತಿದ್ದಾಯ್ತು, ನಿಮ್ದು ಯಾವಾಗ? ಕಾಲು ಮುರಿದಿದ್ದು ನಂದು, ಕುಂಟ್ತಾ ಇರೋದು ನೀವು!" ಎಂದ. ಇವರು ನಕ್ಕರು. ಅತ್ತೆ, ಸದ್ದು ಬರುವಂತೆ ನಕ್ಕರು. ಆಮೇಲೆ ನಮಗೆ ಬೇಕಾದದ್ದಕ್ಕಿಂತ ಎರಡು ಪಟ್ಟು ಬ್ರೆಡ್ಡು ಕೊಂಡು ಒಳಗೆ ಬಂದರು.

ಅಪಘಾತದ ದಿನದ ಕಥೆ ನಿಮಗೆ ಗೊತ್ತಿರುವುದೇ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರು ಬಲಗಡೆ, ಕಲಿಸುವ ಇವರು ಎಡಗಡೆ, ಇವರ ಕಾಲಿನ ಕೆಳಗೆ ಇನ್ನೊಂದು ಬ್ರೇಕು. ತಿರುವಿನಲ್ಲಿ ಕಲಿಯುವವನು ಬ್ರೇಕೆಂದುಕೊಂಡು ಆಕ್ಸಿಲರೇಟರ್ ಒತ್ತಿದ. ಇವರು ತಮ್ಮ ಬ್ರೇಕು ಒತ್ತಿದರು. ಕಾರು ನಿಂತಿತು, ಆದರೆ ಬ್ರೆಡ್ಡಿನವನ ಸೈಕಲ್ಲಿಗೆ ಬಡಿದ ಮೇಲೆ ನಿಂತಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ನೀವು ಇವರ ಕೈ ಹಿಡಿದು "ನನ್ನಾಣೆ ಕಣೋ, ಇನ್ನು ಸ್ಟಿಯರಿಂಗ್ ಮುಟ್ಟಬೇಡ" ಎಂದಿರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಅಂದಿನಿಂದ ಇವರು ಸ್ಕೂಲಿನ ಮುಂದಿನ ಕೋಣೆಯಲ್ಲಿ ಆಟಿಕೆ ಕಾರುಗಳನ್ನಿಟ್ಟುಕೊಂಡು ರಸ್ತೆ ನಿಯಮದ ಪಾಠ ಮಾತ್ರ ಮಾಡುತ್ತಿದ್ದಾರೆ. ಮನೆಯ ಕಾರಿಗೆ ನಾನೇ ಚಾಲಕಿ. ಇವರ ಶಿಷ್ಯರಲ್ಲೆಲ್ಲ ದಡ್ಡಿ ಎಂದು ಹೆಸರು ಮಾಡಿ, ಕೊನೆಗೆ ಇವರನ್ನೇ ಮದುವೆಯಾದವಳು. ಇವರು ಪಕ್ಕದಲ್ಲಿ ಕುಳಿತು, ಇಲ್ಲದ ಬ್ರೇಕನ್ನು ಒತ್ತೀ ಒತ್ತೀ ರಬ್ಬರಿನ ಮ್ಯಾಟಿನಲ್ಲಿ ಹಿಮ್ಮಡಿಯಷ್ಟಗಲ ತೂತು ಮಾಡಿದ್ದಾರೆ. ಹೊಸದು ಕೊಳ್ಳಲು ಹೋದಾಗ ಅಂಗಡಿಯವನು, "ಓಡಿಸೋರ ಕಡೇದು ಸವೆಯೋದು ನೋಡಿದ್ದೀನಿ, ಇದೇನಮ್ಮಾ ಇದು?" ಎಂದ.

ಪ್ರವಾಸದ ಯೋಚನೆ ನನ್ನದು. ಏಪ್ರಿಲಿನಲ್ಲಿ ಸ್ಕೂಲಿಗೆ ಬಣ್ಣ ಹೊಡೆಸುತ್ತಾರೆ, ಒಂದು ವಾರ ರಜೆ. ಕಡಲಂಚಿನ ಹಳೆಯ ರಸ್ತೆ ಹಿಡಿದು, ಸಣ್ಣ ಸಣ್ಣ ಊರುಗಳಲ್ಲಿ ತಂಗುತ್ತ ನಾದಿನಿಯ ಊರು ತಲುಪುವುದು, ವಾಪಸು ಬರುವಾಗ ನಿಮ್ಮನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಒಂದೇ ದಿನಕ್ಕೆ ಮನೆ. ನಾನು ಇಷ್ಟು ಹೇಳಿದ್ದೇ ತಡ, ಇವರು ಊಟದ ಮೇಜಿನ ಮೇಲೆ ನಕಾಶೆ ಹರಡಿ, ಪಾಠದ ಕೆಂಪು ಕಾರನ್ನು ತಂದು ನಮ್ಮ ಊರಿನ ಮೇಲಿಟ್ಟರು. ಅಂದಿನಿಂದ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ. ದೀಪಸ್ತಂಭದ ಹತ್ತಿರ ಒಂದು ರಾತ್ರಿ, ಅಳಿವೆ ದಾಟಿಸುವ ದೋಣಿಕಟ್ಟೆಯ ಪಕ್ಕ ಒಂದು ರಾತ್ರಿ, ಬಂಡೆಗಳ ಮೇಲಿನ ಒಂದು ಪುಟ್ಟ ವಸತಿಗೃಹದಲ್ಲಿ ಎರಡು. "ಹೀಗೆ ಹೋದ್ರೆ ಕಡಲು ಪೂರ್ತಿ ಎಡಕ್ಕೇ ಇರತ್ತೆ, ನಾನು ಆರಾಮಾಗಿ ನೋಡ್ತಾ ಕೂತಿರ್ತೀನಿ, ನೀನು ರಸ್ತೆ ನೋಡು" ಎಂದರು. ಎಡಗಡೆಯ ಸೀಟು ತಮ್ಮದು ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟರು! ನಿಮ್ಮ ಆಣೆ ಇವರನ್ನು ಕಟ್ಟಿಹಾಕಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಅದರ ಹಿಂದೆ ಇವರು ಬಚ್ಚಿಟ್ಟುಕೊಂಡಿರಲೂಬಹುದು ಎಂದು ಆಗ ಹೊಳೆಯಿತು.

ಹೋದ ಶನಿವಾರ ಮೊದಲ ಹಂತವನ್ನು ಪರೀಕ್ಷಿಸಿ ಬರೋಣವೆಂದು ಹೊರಟೆವು. ರಸ್ತೆ ಚೆನ್ನಾಗಿದೆ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಮೋಟುಗೋಡೆ, ಅದರಾಚೆ ಬರೀ ನೀರು. ಆದರೆ ಎರಡು ಗಾಡಿಗೆ ಜಾಗವಿಲ್ಲದ ಒಂದು ಏರಿನಲ್ಲಿ ಮೀನಿನ ಪೆಟ್ಟಿಗೆಗೆ ಮಂಜುಗಡ್ಡೆ ಒಯ್ಯುವ ಲಾರಿ ಎದುರಾಯಿತು. ನಾನೇ ಹಿಂದಕ್ಕೆ ಹೋಗಬೇಕು. ಎರಡು ಸಲ ಇಂಜಿನ್ ನಿಂತಿತು. ಇವರು ಇಳಿದು ಹಿಂದೆ ಹೋಗಿ ಕೈಯಾಡಿಸುತ್ತ "ಎಡಕ್ಕೆ, ಎಡಕ್ಕೆ... ನಿನ್ನೆಡ ಅಲ್ಲ ಮಾರಾಯ್ತಿ, ನನ್ನೆಡ!" ಎಂದು ಕೂಗಿದರು. ಲಾರಿಯವನು ತಲೆ ಹೊರಹಾಕಿ, "ಯಜಮಾನ್ರೇ, ನಿಮ್ಮ ಎಡಬಲ ಮುಗಿಯೋಷ್ಟರಲ್ಲಿ ನನ್ನ ಲೋಡು ಕರಗಿ ಕಡಲು ಸೇರತ್ತೆ!" ಎಂದ. ಆಗ ಇವರು ನನ್ನ ಬಾಗಿಲು ತೆರೆದರು. "ಸ್ವಲ್ಪ ಇಳಿ." ಅಷ್ಟೇ. ನಾನು ಇಳಿದೆ. ಇವರು ಒಮ್ಮೆಯೂ ತಡವರಿಸದೆ, ನೂಲು ಹಿಡಿದ ಹಾಗೆ ಗಾಡಿಯನ್ನು ಮೋರಿಯ ಪಕ್ಕದ ಬಯಲಿನವರೆಗೆ ಹಿಂದಕ್ಕೆ ತಂದು ನಿಲ್ಲಿಸಿದರು. ಲಾರಿ ಹಾದುಹೋಯಿತು. ಇವರು ಇಳಿದು ಎಡಗಡೆಗೇ ಬಂದು ಕುಳಿತರು. ಕರವಸ್ತ್ರದಿಂದ ಅಂಗೈ ಒರೆಸಿಕೊಂಡರು. ಮನೆಗೆ ಬಂದು ಚಹಾ ಕುಡಿಯುವಾಗ "ಕ್ಲಚ್ ಸ್ವಲ್ಪ ಬಿಗಿ ಮಾಡಿಸ್ಬೇಕು" ಎಂದರು. ನೀವು ಬೈಯಬಾರದು, ಅತ್ತೆ. ಅಷ್ಟು ದೂರವೂ ಹಿಂದಕ್ಕೇ ಹೋದದ್ದು, ಮುಂದಕ್ಕೆ ಒಂದು ಗೇಣೂ ಓಡಿಸಲಿಲ್ಲ. ವಾಪಸು ಬರುವ ದಾರಿಯುದ್ದಕ್ಕೂ ಮ್ಯಾಟಿನ ಮೇಲೆ ಕಾಲು ಒತ್ತಲಿಲ್ಲ ಎಂಬುದನ್ನು ಮಾತ್ರ ನಾನು ಗಮನಿಸಿದೆ.

ಮೊನ್ನೆ ಬೆಳಿಗ್ಗೆ ನೋಡಿದರೆ ನಕಾಶೆಯ ಮೇಲಿನ ಕೆಂಪು ಕಾರು ನಾದಿನಿಯ ಊರಿನಲ್ಲಿದೆ, ಮೂತಿ ನಮ್ಮ ಕಡೆಗೆ! "ಮೊದಲು ಹೆದ್ದಾರೀಲಿ ಹೋಗಿ ಅಮ್ಮನ್ನ ಕರ್ಕೊಳೋಣ, ಆಮೇಲೆ ಕಡಲ ದಾರೀಲಿ ನಿಧಾನಕ್ಕೆ ಬರೋಣ. ಅವಳೂ ನೋಡಿದ ಹಾಗಾಗತ್ತೆ" ಎಂದರು. ಒಳ್ಳೆಯ ಕಾರಣ. ಹಾಗೆ ಬಂದರೆ ಕಡಲು ಬಲಕ್ಕೆ ಬೀಳುತ್ತದೆ, ಓಡಿಸುವವರ ಕಡೆಗೆ. ನಾನು ಕೂಡಲೇ ವಸತಿಗೃಹದವರಿಗೆಲ್ಲ ಫೋನು ಮಾಡಿ ದಿನಗಳನ್ನು ಅದಲುಬದಲು ಮಾಡಿದೆ. ನಿಮಗಾಗಿ ಎಲ್ಲ ಕಡೆಯೂ ಕೆಳಗಿನ ಕೋಣೆಯನ್ನೇ ಕೇಳಿದ್ದೇನೆ.

ಒಂದು ತೆಳು ಸ್ವೆಟರು ಇಟ್ಟುಕೊಳ್ಳಿ, ಸಂಜೆ ಗಾಳಿ ಜೋರು. ನಾದಿನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ಅಲ್ಲಿಂದಲೇ ನಮ್ಮಿಬ್ಬರ ತಲೆಯ ಮೇಲೂ ಕೈಯಿಡಿ. ನಮಸ್ಕಾರಗಳು.

ನಿಮ್ಮ ಸೊಸೆ

ಅವಸರದಲ್ಲಿ ಇನ್ನೆರಡು ಸಾಲು: ಲಕೋಟೆ ಅಂಟಿಸುವ ಮುಂಚೆ ಅಂಚೆಚೀಟಿ ತರಲು ಕಾರಿಗೆ ಹೋದೆ. ಬಲಗಡೆಯ ಸೀಟು ಪೂರ್ತಿ ಹಿಂದಕ್ಕೆ ಸರಿದಿದೆ, ನನ್ನ ಕಾಲು ಪೆಡಲಿಗೆ ಎಟುಕುವುದಿಲ್ಲ. ಕನ್ನಡಿಯಲ್ಲಿ ನನಗೆ ಕಂಡದ್ದು ಕಾರಿನ ಚಾವಣಿ ಮಾತ್ರ. ಚಕ್ರದ ಮುಂದೆ ಬಿದ್ದ ತರಗೆಲೆ ಬಿದ್ದಂತೆಯೇ ಇದೆ, ಗಾಡಿ ಒಂದಂಗುಲವೂ ಕದಲಿಲ್ಲ. ಸುಮ್ಮನೆ ಬಂದು ಕುಳಿತು ಎದ್ದುಹೋಗಿದ್ದಾರೆ. ನಿಮ್ಮ ಆಣೆ ಮುರಿದಿಲ್ಲ, ಮುರಿಯುವುದೂ ಇಲ್ಲ, ಬಿಡಿಸೆಂದು ಬಾಯಿಬಿಟ್ಟು ಕೇಳುವುದೂ ಇಲ್ಲ. ಈ ಕಾಗದ ತಲುಪಿದ ದಿನ ಒಂದು ಫೋನು ಮಾಡಿ, ಅತ್ತೆ. ನನಗಲ್ಲ, ನಿಮ್ಮ ಮಗನಿಗೆ. ಗೇಟು ತೆಗೆದ ಸದ್ದಾಗುತ್ತಿದೆ, ನಿಲ್ಲಿಸುತ್ತೇನೆ. ಸೀಟನ್ನು ನಾನು ಮುಂದಕ್ಕೆ ಎಳೆದಿಲ್ಲ.