ಮೂರು ಬಲ್ಬುಗಳ ಹಲಗೆ

ನವೆಂಬರ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನ ಮೂರು ಕಾಗದಗಳು ಬಂದು ಕೂತಿವೆ, ನಾನು ಒಂದಕ್ಕೂ ಉತ್ತರಿಸಿಲ್ಲ. ಬೈಯಬೇಡ. ಈ ಕೋಳಿಕಾಲಿನ ಅಕ್ಷರ ನೋಡಿ ಭಾವ ನಗಬಹುದು, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ಎರಡು ಬೆರಳು ಮುರಿದಿವೆ. ಹೋದ ವರ್ಷ ಮೆಟ್ಟಿಲಿನಿಂದ ಬಿದ್ದೆ ಎಂದು ಬರೆದಿದ್ದೆನಲ್ಲ, ಅದು ಹಸಿ ಸುಳ್ಳು. ಈ ಸಲ ನಿಜ ಬರೆಯುತ್ತೇನೆ. ಇಷ್ಟು ದಿನ ‘ಇವರು’ ಎನ್ನುತ್ತಿದ್ದೆ. ಇನ್ನು ಮೇಲೆ ಅವನು.

ವಾರಕ್ಕೆ ಮೂರು ದಿನ ಅವನು ವೆಲ್ಡಿಂಗ್ ಅಂಗಡಿಯಿಂದ ಕುಡಿದೇ ಬರುತ್ತಿದ್ದ. ಬಾಗಿಲಲ್ಲಿ ಎದುರಿಗೆ ಸಿಕ್ಕವರಿಗೆ ಮೊದಲ ಏಟು. ನನ್ನ ಜಡೆ ಹಿಡಿದು ತಲೆಯನ್ನು ಹೊಲಿಗೆ ಯಂತ್ರಕ್ಕೆ ಗುದ್ದಿಸಿದ್ದಾನೆ. ಮಗಳ ಕಿವಿಯಲ್ಲಿ ರಕ್ತ ಬರುವಂತೆ ಬಾರಿಸಿದ್ದಾನೆ. ಅವಳಿಗೆ ಹನ್ನೊಂದು ವರ್ಷ, ಅಕ್ಕ. ಅಳುವುದು ಬಿಟ್ಟು ಇವಳು ಕೂತು ಯೋಚಿಸಿದಳು. “ಅಮ್ಮ, ಅರ್ಧ ನಿಮಿಷ ಮೊದ್ಲೇ ಗೊತ್ತಾದ್ರೆ ಸಾಕು, ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೋಬಹುದು” ಎಂದಳು.

ನಮ್ಮ ಮನೆಗೆ ಹತ್ತುವ ಮರದ ಮೆಟ್ಟಿಲುಗಳಲ್ಲಿ ನಾಲ್ಕನೆಯದು ಸಡಿಲ. ಅದರಡಿ ಎಡಕ್ಕೊಂದು ಬಲಕ್ಕೊಂದು ಜೊತೆ ತಗಡಿನ ಚೂರು ಇಟ್ಟಳು. ತಂತಿಯನ್ನು ಕಿಟಕಿಯ ಸಂದಿಯಿಂದ ಒಳಗೆ ಎಳೆದು, ಒಲೆಯ ಮೇಲಿನ ಗೋಡೆಗೆ ಒಂದು ಹಲಗೆ ಹೊಡೆದಳು. ಹಲಗೆಯಲ್ಲಿ ಟಾರ್ಚಿನ ಮೂರು ಬಲ್ಬು, ಒಂದೊಂದಕ್ಕೆ ಒಂದೊಂದು ಬಣ್ಣದ ಕಾಗದ. ನೆಟ್ಟಗಿರುವ ದಿನ ಅವನು ಮೆಟ್ಟಿಲಿಗೊಂದು ಕಾಲಿಡುತ್ತಾನೆ. ಕುಡಿದ ದಿನ ಕಂಬಿ ಹಿಡಿದು, ಪ್ರತಿ ಮೆಟ್ಟಿಲಿನ ಮೇಲೂ ಎರಡೂ ಕಾಲಿಟ್ಟು ನಿಲ್ಲುತ್ತಾನೆ. ಹದಿಮೂರು ವರ್ಷ ಸಂಸಾರ ಮಾಡಿದ ನನಗೆ ಕಾಣದ್ದು ಅವಳಿಗೆ ಕಂಡಿತ್ತು. ಒಂದು ಕಾಲು ಬಿದ್ದರೆ ಹಸಿರು, ಎರಡೂ ಬಿದ್ದರೆ ಕೆಂಪು. ಹಳದಿ ಮಾತ್ರ ಆಗಾಗ ಸುಮ್ಮಸುಮ್ಮನೆ ಹತ್ತುತ್ತಿತ್ತು. ತಂತಿ ಸಡಿಲವಿರಬೇಕೆಂದು ನಾನು ಕೇಳಲೂ ಹೋಗಲಿಲ್ಲ.

ಎರಡು ತಿಂಗಳು ನಮ್ಮ ಮೈಮೇಲೆ ಅವನ ಒಂದೇ ಒಂದು ಏಟು ಬೀಳಲಿಲ್ಲ. ಬಚ್ಚಲ ಬಾಗಿಲನ್ನು ಒದ್ದೂ ಒದ್ದೂ ಸುಸ್ತಾಗಿ ಮಲಗುತ್ತಿದ್ದ.

ಅಷ್ಟರಲ್ಲಿ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಬಂತು. ಟೀಚರ್ ಬಲವಂತ ಮಾಡಿ ಇವಳ ಹಲಗೆಯನ್ನೂ ಇಡಿಸಿದರು. ನೋಡಲು ಬಂದ ದೊಡ್ಡ ಮನುಷ್ಯರು, “ಇದ್ರಿಂದ ಏನು ಉಪಯೋಗ ಮಗು?” ಎಂದರು.

“ಅಪ್ಪ ಬರೋದು ಮೊದ್ಲೇ ಗೊತ್ತಾಗುತ್ತೆ ಸರ್.”

ಎಲ್ಲರೂ ಕರಗಿ ನೀರಾದರು. ಅಪ್ಪನ ಮೇಲೆ ಎಂಥಾ ಪ್ರೀತಿ ಅಂತೆ! “ಈ ಹಳದಿ ಯಾಕೆ?” ಎಂದದ್ದಕ್ಕೆ, “ಅದಿನ್ನೂ ಮುಗಿದಿಲ್ಲ ಸರ್” ಎಂದಳು. ಮೊದಲ ಬಹುಮಾನ ಅವಳಿಗೇ. ಹಿತ್ತಾಳೆಯ ಕಪ್ಪನ್ನು ಅಪ್ಪನ ಕೈಯಿಂದಲೇ ಕೊಡಿಸಬೇಕೆಂದು ಅವನನ್ನು ವೇದಿಕೆಗೆ ಕರೆಸಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವತ್ತು ಅವನು ಕುಡಿದಿರಲಿಲ್ಲ, ಅದನ್ನೂ ಬರೆಯಬೇಕು. ಬೀದಿಯುದ್ದಕ್ಕೂ ಕಪ್ ಎತ್ತಿ ಹಿಡಿದುಕೊಂಡು ಬಂದ. “ಜೋಡಿಸಿ ತೋರ್ಸು ಪುಟ್ಟಿ” ಎಂದು ಅಕ್ಕಪಕ್ಕದವರನ್ನೆಲ್ಲ ಕರೆದ. ನಾಲ್ಕನೇ ಮೆಟ್ಟಿಲಿಗೆ ಒಂದು ಕಾಲಿಟ್ಟ, ತೆರೆದ ಬಾಗಿಲಿನಿಂದ ಕಾಣುವ ಹಲಗೆಯಲ್ಲಿ ಹಸಿರು. ಮಗುವಿನ ಹಾಗೆ ಎರಡೂ ಕಾಲಲ್ಲಿ ಕುಪ್ಪಳಿಸಿದ, ಕೆಂಪು. “ಇದ್ಯಾಕೆ ಬೇರೆ ಬಣ್ಣ?”

“ಅದು ನೀನು ಕುಡಿದು ಬಂದಾಗ ಅಪ್ಪ.”

ಕೆಳಗಿನ ಮನೆಯಾಕೆ ಕಿಸಕ್ಕನೆ ನಕ್ಕಳು. ಅಷ್ಟೇ ಸಾಕಾಯಿತು.

ಮೆಟ್ಟಿಲಡಿಯ ತಂತಿ ಕಿತ್ತೆಸೆದು ಅವಳನ್ನು ತೋಳು ಹಿಡಿದು ಮೇಲಕ್ಕೆ ಎಳೆದುಕೊಂಡು ಬಂದ. ಅದೇ ಕಪ್ಪಿನಿಂದ ಅವಳ ಬಾಯಿಗೆ ಹೊಡೆದ. ಮುಂದಿನ ಎರಡು ಹಲ್ಲು ನೆಲಕ್ಕೆ ಬಿದ್ದವು. ಎರಡನೇ ಏಟಿಗೆ ನಾನು ಕೈ ಅಡ್ಡ ಕೊಟ್ಟೆ, ಬೆರಳು ಲಟಲಟ ಎಂದವು. ಮೂರನೆಯದಕ್ಕೆ ಅವನು ಕೈ ಎತ್ತಿದ್ದೇ ತಡ, ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುವ, ಬಟ್ಟೆ ಅಳೆಯುವ ಕಬ್ಬಿಣದ ಮೀಟರ್ ಕಡ್ಡಿ ನನ್ನ ಎಡಗೈಗೆ ಬಂತು. ಹಳದಿ ಬಲ್ಬು ಹತ್ತಿತು. ಮಗಳು ತಲೆ ಮುಚ್ಚಿಕೊಂಡು ಹೊಲಿಗೆ ಯಂತ್ರದ ಕೆಳಗೆ ನುಸುಳಿದಳು. ನಾನು ಅವನ ಮುಖಕ್ಕೆ ಹೊಡೆದೆ, ಮಂಡಿಗೆ ಹೊಡೆದೆ, ಕೈ ಸೋಲುವವರೆಗೆ ಹೊಡೆದೆ. ಅವನು ಹಿಂದೆ ಹಿಂದೆ ಸರಿದು ಮೆಟ್ಟಿಲಿನಿಂದ ಉರುಳಿ ಬೀದಿಗೆ ಬಿದ್ದ. ಸುಳ್ಳೇಕೆ ಹೇಳಲಿ ಅಕ್ಕ, ಖುಷಿಯಾಯಿತು.

ಈಗ ಅವನು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ. ಪೊಲೀಸರು ಹೇಳಿಕೆ ಬರೆದುಕೊಂಡು ನನ್ನ ಕಡ್ಡಿಯನ್ನೂ ಒಯ್ದರು. ನಡೆಯಲು ಬಂದ ದಿನವೇ ಇಬ್ಬರನ್ನೂ ಮುಗಿಸುತ್ತಾನಂತೆ, ಹೇಳಿ ಕಳಿಸಿದ್ದಾನೆ. ನಾನು ಕೆಲಸ ಮಾಡುವ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಇದ್ದೇವೆ. ಅವನು ಏಳುವ ಮೊದಲು ನಾವಿಬ್ಬರೂ ನಿನ್ನಲ್ಲಿಗೆ ಬಂದುಬಿಡಲೇ? ನೀನು ಹೂಂ ಎಂದರೆ ಸಾಕು, ಇನ್ನು ಮಗಳ ಮೈಮೇಲೆ ಯಾರ ಕೈಯೂ ಬೀಳದಂತೆ ನೋಡಿಕೊಳ್ಳುತ್ತೇನೆ.

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ಕಾಲ ತಣ್ಣಗಿರಲಿ.

ನಿನ್ನ
ತಂಗಿ

ಲಕೋಟೆ ಅಂಟಿಸುವ ಮೊದಲು: ಇಷ್ಟು ಬರೆದು ತಲೆ ಎತ್ತಿದರೆ, ಮಗಳು ಆ ಹಲಗೆಯನ್ನು ಇಲ್ಲಿಯ ಗೋಡೆಗೂ ಹೊಡೆದಿದ್ದಾಳೆ. ಇಲ್ಲಿ ಮೆಟ್ಟಿಲಿಲ್ಲ. ಕೆಂಪು, ಹಸಿರು ಬಿಚ್ಚಿ ಡಬ್ಬಿಗೆ ಹಾಕಿದ್ದಾಳೆ. ಹಳದಿ ಉಳಿದಿದೆ. ಅದರ ತಂತಿ ಅಂಗಡಿಯ ಮೀಟರ್ ಕಡ್ಡಿ ತೂಗುಹಾಕಿದ ಮೊಳೆಗೆ ಹೋಗಿದೆ. ಇದ್ಯಾಕೆ ಎಂದೆ.

“ಅದು ನಿಂಗೆ ಅಮ್ಮ. ನೀನು ಕಡ್ಡಿ ತೆಗೆದ್ರೆ ಹತ್ತುತ್ತೆ. ಬಟ್ಟೆ ಅಳೆಯೋಕೋ, ನಂಗೆ ಹೊಡೆಯೋಕೋ ಅಂತ ಮಾತ್ರ ಇನ್ನೂ ಗೊತ್ತಾಗ್ತಿಲ್ಲ.”

ಅವನ ಮೇಲಿನ ಸಿಟ್ಟನ್ನೆಲ್ಲ ನಾನು ಅವಳ ಬೆನ್ನ ಮೇಲೆ ತೀರಿಸಿಕೊಳ್ಳುತ್ತಿದ್ದೆ, ಅಕ್ಕ. ಆ ಎರಡು ತಿಂಗಳಲ್ಲೂ. ನಾವಿಬ್ಬರೂ ಎಂದು ಮೇಲೆ ಬರೆದಿದ್ದೇನೆ, ಅದನ್ನು ಹೊಡೆದುಹಾಕಿ ಓದು. ಬೇಗ ಬಂದು ಅವಳೊಬ್ಬಳನ್ನು ಕರೆದುಕೊಂಡು ಹೋಗು.